ಕನ್ನಡಿ ಅರೆದ ವರ್ಷ

ಅಮೋನಿಯಾದ ವಾಸನೆಗೆ ಕಣ್ಣಲ್ಲಿ ನೀರು ಬರುವುದು ಸಹಜ. ಹಾಗಾಗಿ ಮೊನ್ನೆ ಕಾಲೇಜಿನ ಲ್ಯಾಬಿನಲ್ಲಿ ನಾನು ಸೆರಗಿನಿಂದ ಕಣ್ಣೊರೆಸಿಕೊಂಡಾಗ ಯಾರೂ ಏನೂ ಕೇಳಲಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಹಳೆಯ ಬಾಟಲಿಯೊಂದು ಇತ್ತು. ಒಳಗೆ ಏನಾದರೂ ಉಳಿದಿದೆಯಾ ಎಂದು ಮುಚ್ಚಳ ತಿರುಗಿಸಿದೆ. ಘಾಟು ಮೂಗಿಗೆ ಹೊಡೆಯಿತು, ಎಂಟು ವರ್ಷದ ಹಿಂದಿನ ಒಂದು ಬೆಳಗ್ಗೆ ಹಾಗೇ ಎದುರಿಗೆ ಬಂದು ನಿಂತಿತು. ಮುಚ್ಚಳ ಮುಚ್ಚಿದರೂ ಅದು ಹೋಗಲಿಲ್ಲ.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿರುವ ಆ ಕಾಲೇಜಿನಲ್ಲಿ ನಾನು ಹದಿನೆಂಟು ವರ್ಷ ಅಟೆಂಡರ್ ಆಗಿದ್ದೆ. ಹದಿನೆಂಟೂ ವರ್ಷ ತಾತ್ಕಾಲಿಕ. ಪ್ರತಿ ಜೂನಿನಲ್ಲಿ ಒಂದು ಪತ್ರ ಬರುತ್ತಿತ್ತು, ಈ ವರ್ಷವೂ ನೀವು ಇರಬಹುದು ಎಂದು. ಕಳೆದ ಜೂನಿನಲ್ಲಿ ಆ ಪತ್ರ ಬರಲಿಲ್ಲ. ವಿಜ್ಞಾನಕ್ಕೆ ಸೇರುವ ಮಕ್ಕಳೇ ಇಲ್ಲದ ಮೇಲೆ ಮೈಕ್ರೋಸ್ಕೋಪು ಒರೆಸುವವಳು ಯಾಕೆ? ಈಗ ವಿಭಾಗವನ್ನೇ ಮುಚ್ಚುತ್ತಿದ್ದಾರೆ. ಸಾಮಾನಿನ ಪಟ್ಟಿ ಮಾಡಬೇಕಿತ್ತು. ಆಫೀಸಿನ ಗುಮಾಸ್ತರು ಫೋನು ಮಾಡಿ, "ವಾರಿಜಕ್ಕ, ಒಂದು ದಿನ ಬಂದು ಹೋಗಿ ಮಾರಾಯ್ರೆ. ಯಾವುದು ಎಂತ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದರು. ಹದಿನೆಂಟು ವರ್ಷದಲ್ಲಿ ನನ್ನ ಬಗ್ಗೆ ಆ ಆಫೀಸಿನಿಂದ ಬಂದ ಒಂದೇ ಒಂದು ಒಳ್ಳೆಯ ಮಾತು ಅದು. ಹೋದೆ.

ನನ್ನ ಕೆಲಸ ಏನೆಂದರೆ ಬೂಸರಿನ ಜೊತೆ ಜಗಳ. ನಮ್ಮ ಕಡೆ ಮಳೆ ಹಿಡಿದರೆ ಚಪ್ಪಲಿಗೆ ಬೂಸರು, ಪುಸ್ತಕಕ್ಕೆ ಬೂಸರು, ಬೀರುವಿನ ಒಳಗಿನ ಮದುವೆ ಸೀರೆಗೂ ಬೂಸರು. ಅದೆಲ್ಲ ಬಿಸಿಲಿಗೆ ಹಾಕಿದರೆ ಹೋಗುತ್ತದೆ. ಮಸೂರಕ್ಕೆ ಹಿಡಿದ ಬೂಸರು ಹಾಗಲ್ಲ. ಗಾಜಿನ ಮೇಲೆ ಜೇಡನ ಬಲೆಯ ಹಾಗೆ ಕಾಲು ಚಾಚಿಕೊಂಡು, ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಅದಕ್ಕಾಗಿ ಮೈಕ್ರೋಸ್ಕೋಪಿನ ಕಪಾಟಿನೊಳಗೆ ಜೂನಿನಿಂದ ಅಕ್ಟೋಬರಿನವರೆಗೆ ಒಂದು ಬಲ್ಬು ಉರಿಯುತ್ತಲೇ ಇರಬೇಕು. ನೀರು ಹೀರುವ ನೀಲಿ ಹರಳುಗಳನ್ನು ಬಟ್ಟೆಯಲ್ಲಿ ಕಟ್ಟಿ ಇಡಬೇಕು. ಅವು ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾವಲಿಯಲ್ಲಿ ನೆಲಗಡಲೆ ಹುರಿದ ಹಾಗೆ ಹುರಿದು ಮತ್ತೆ ನೀಲಿ ಮಾಡಬೇಕು. ಇಷ್ಟು ಮಾಡಿದರೂ ಬೂಸರು ಬರುತ್ತಿತ್ತು. ಬರುವುದು ಮಳೆಯಿಂದ, ಬೈಸಿಕೊಳ್ಳುವುದು ನಾನು. ಒಬ್ಬರು ಲೆಕ್ಚರರು ಒಮ್ಮೆ ಕ್ಲಾಸಿನ ಮಕ್ಕಳೆಲ್ಲರ ಎದುರಿಗೆ ನನ್ನನ್ನು ಕರೆದು, "ನೋಡಿ, ನೀವು ಸಾಕಿದ ಬೂಸರು" ಎಂದು ಮಸೂರದಲ್ಲಿ ತೋರಿಸಿದ್ದರು. ಮಕ್ಕಳು ನಕ್ಕಿದ್ದರು. ಅಂದಿನಿಂದ ಯಾರು ಮುಟ್ಟಬೇಡ ಎಂದರೂ ಸರಿ, ಯಾರೂ ಬರುವ ಮೊದಲೇ ಎಲ್ಲವನ್ನೂ ಬಿಚ್ಚಿ ಒರೆಸಿ ಇಡುವುದು ನನ್ನ ಅಭ್ಯಾಸವಾಯಿತು.

ನಾನು ಹೇಳಹೊರಟ ವರ್ಷ ನನ್ನ ಹನ್ನೊಂದನೆಯದು, ಮಾಧವ ಸರ್ ಅವರ ಕೊನೆಯದು. ಅವರು ಫಿಸಿಕ್ಸ್ ಕಲಿಸುತ್ತಿದ್ದರು. ರಾಮಕುಂಜದವರು. ತೆಳ್ಳಗಿನ ಮನುಷ್ಯ, ಸಕ್ಕರೆ ಕಾಯಿಲೆ, ಜೇಬಿನಲ್ಲಿ ಯಾವಾಗಲೂ ಚಾಕ್‌ಪೀಸು. ಮಾರ್ಚಿಗೆ ಅವರ ನಿವೃತ್ತಿ ಎಂದಿತ್ತು. ಜೂನಿನಲ್ಲಿ ಕಾಲೇಜು ತೆರೆದ ವಾರವೇ ಅಕ್ಕಿಚೀಲದಲ್ಲಿ ಸುತ್ತಿದ ಎರಡು ದಪ್ಪ ಗಾಜಿನ ಬಿಲ್ಲೆಗಳನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಸಣ್ಣ ತಟ್ಟೆಯಷ್ಟು ಅಗಲ, ಆರು ಇಂಚು. ದೂರದರ್ಶಕ ಮಾಡುತ್ತೇನೆ, ಅದರ ಕನ್ನಡಿಯನ್ನು ಕೈಯಲ್ಲೇ ಅರೆಯುತ್ತೇನೆ ಎಂದರು.

"ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದೇ ಕಲಿಸಿದ್ದು ನಾನು" ಎಂದು ಆ ದಿನ ನನ್ನ ಹತ್ತಿರ ಹೇಳಿದರು. "ಎಲ್ಲಾ ಓದಿದ್ದು, ವಾರಿಜ. ಕೈಯಿಂದ ಮಾಡಿದ್ದು ಒಂದೂ ಇಲ್ಲ. ಹೋಗುವ ಮೊದಲು ಒಂದಾದ್ರೂ ಸರಿ ಮಾಡ್ಬೇಕು ಅಂತ ಆಸೆ."

"ಸರಿ ಬರ್ತದಾ ಸರ್?" ಎಂದು ಕೇಳಿದೆ.

"ಅದೇ ಗೊತ್ತಿಲ್ಲ. ತಲೆಕೂದಲಿನ ನೂರನೇ ಒಂದು ಪಾಲು ತಪ್ಪಿದ್ರೂ ಕನ್ನಡಿ ದಂಡ. ಆಕಾಶಕ್ಕೆ ತಿರುಗಿಸಿ ನೋಡಿದಾಗಲೇ ಗೊತ್ತಾಗುದು."

ಲ್ಯಾಬಿನ ಹಿಂದೆ ತಗಡಿನ ಮಾಡಿನ ಒಂದು ಚಾವಡಿ ಇತ್ತು. ಅಲ್ಲಿ ಹಳೆಯ ಎಣ್ಣೆ ಡ್ರಮ್ಮಿಗೆ ಕಲ್ಲು ತುಂಬಿಸಿ ನಿಲ್ಲಿಸಿದೆವು. ಅದರ ಮೇಲೆ ಒಂದು ಗಾಜು ಕೂರಿಸಿ, ಒರಟು ಪುಡಿ ಎರಚಿ, ನೀರು ಚಿಮುಕಿಸಿ, ಇನ್ನೊಂದು ಗಾಜನ್ನು ಮೇಲಿಟ್ಟು ಹಿಂದೆ ಮುಂದೆ ತಿಕ್ಕುವುದು. ನಾಲ್ಕು ಸಲ ತಿಕ್ಕಿ ಒಂದು ಹೆಜ್ಜೆ ಆಚೆ, ಮತ್ತೆ ನಾಲ್ಕು ಸಲ. ಹೀಗೆ ಡ್ರಮ್ಮಿಗೆ ಸುತ್ತು ಬರುತ್ತ ಬರುತ್ತ ಮೇಲಿನ ಗಾಜು ತಾನಾಗಿ ಗುಳಿ ಬೀಳುತ್ತದಂತೆ. ಕ್ಲಾಸು ಮುಗಿದ ಮೇಲೆ ದಿನಾ ಒಂದು ಗಂಟೆ. ಪುಡಿ ಹಾಕುವುದು, ನೀರು ಹಾಕುವುದು, ಸುತ್ತು ಎಣಿಸುವುದು ನಾನು. ತಗಡಿನ ಮೇಲೆ ಮಳೆ ಹೊಡೆಯುವಾಗ ಎಣಿಕೆ ತಪ್ಪುತ್ತಿತ್ತು. ಇಬ್ಬರೂ ತಪ್ಪಿಸಿಕೊಂಡರೆ ಅವರು, "ನೂರು ಅಂತ ಇಟ್ಟುಕೊಳ್ಳುವ" ಎನ್ನುತ್ತಿದ್ದರು.

ಝೂವಾಲಜಿಯ ಲಿಸಿ ಮೇಡಂ ಕೊಡೆ ಮಡಚಿಕೊಂಡು ಆ ಕಡೆ ಬಂದರೆ ಸುಮ್ಮನೆ ಹೋಗುವವರಲ್ಲ. ನೆಲ್ಯಾಡಿಯ ರಬ್ಬರು ತೋಟದ ಮನೆಯವರು, ಬಾಯಿ ತುಂಬ ನಗು. "ಎಂತ ಸರ್, ದೋಸೆಗೆ ಕಡೆಯುದಾ? ಉದ್ದು ಸ್ವಲ್ಪ ಜಾಸ್ತಿ ಹಾಕಿ" ಎನ್ನುವರು. ಸರ್ ಮುಖ ಎತ್ತದೆ, "ಮಾರ್ಚಿಗೆ ದೋಸೆ ರೆಡಿ ಮೇಡಂ, ಆಕಾಶದಲ್ಲಿ ಹೊಯ್ಯುದು" ಎನ್ನುವರು. ನನಗೆ ನಗು ಬರುತ್ತಿತ್ತು, ಆದರೆ ನಿಂತು ನಗುವಷ್ಟು ಪುರುಸೊತ್ತು ಇರಲಿಲ್ಲ. ಮಂಡೆಕೋಲಿನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದರು. ಬೆಳಗ್ಗೆ ಐದಕ್ಕೆ ಎದ್ದು ಅವರ ಕೆಲಸ ಮುಗಿಸಿ, ಜಾಲ್ಸೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಸಂಜೆ ಅದೇ ದಾರಿ ತಿರುಗಿ. ಆ ವರ್ಷ ನಾನು ನಿಂತಲ್ಲೇ ನಿದ್ದೆ ಮಾಡುವುದನ್ನು ಕಲಿತೆ. ಪುಡಿ ಎರಚುತ್ತ ಎರಚುತ್ತ ತೂಕಡಿಸಿದ್ದೂ ಉಂಟು. ಸರ್ ನೋಡಿದರೂ ನೋಡದ ಹಾಗೆ ಒಂದು ಸುತ್ತು ಹೆಚ್ಚು ಬರುತ್ತಿದ್ದರು.

ಪುಡಿ ತಿಂಗಳಿಂದ ತಿಂಗಳಿಗೆ ನಯವಾಗುತ್ತ ಹೋಯಿತು. ಜೂನಿನಲ್ಲಿ ಮರಳಿನ ಹಾಗಿದ್ದದ್ದು ಸೆಪ್ಟೆಂಬರಿಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟಾಯಿತು. ಒಂದು ಪುಡಿ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಹಳೆಯದರ ಒಂದು ಕಣವೂ ಉಳಿಯಬಾರದು, ಉಳಿದರೆ ಗೀರು. ಡ್ರಮ್ಮು, ಬಕೆಟು, ನೆಲ, ನಮ್ಮಿಬ್ಬರ ಉಗುರಿನ ಸಂದಿ ಎಲ್ಲವನ್ನೂ ತೊಳೆಸುವುದು ನನ್ನ ಜವಾಬ್ದಾರಿ. "ನಿಮ್ಮಷ್ಟು ಚೊಕ್ಕ ಮಾಡುವವರು ಈ ತಾಲೂಕಿನಲ್ಲಿ ಇಲ್ಲ" ಎಂದರು ಒಮ್ಮೆ. ಅದನ್ನು ಕೇಳಿ ನನಗೆ ಇಡೀ ದಿನ ಸಂತೋಷ. ಅದೇ ಚೊಕ್ಕದಿಂದಲೇ ನಾನು ಅವರನ್ನು ಮುಳುಗಿಸಿದ್ದು.

ದೂರದರ್ಶಕ ಆದ ಮೇಲೆ ಮೊದಲು ಏನು ನೋಡುವುದು ಎಂದು ಕೇಳಿದ್ದಕ್ಕೆ ಸರ್ ಲ್ಯಾಬಿನ ಗೋಡೆಯ ಚಾರ್ಟು ತೋರಿಸಿದರು. ಮಹಾವ್ಯಾಧ ನಕ್ಷತ್ರಪುಂಜದ ಸೊಂಟದ ಕೆಳಗೆ, ಕತ್ತಿ ನೇತಾಡುವಲ್ಲಿ ಇರುವ ನೀಹಾರಿಕೆಯ ಚಿತ್ರ. ಕೆಂಪು ದಾಸವಾಳ ಕಿವುಚಿ ನೀರಿಗೆ ಹಾಕಿದ ಬಣ್ಣ. ಅದು ಗಾಳಿಯಂಥ ಅನಿಲದ ಮೋಡವಂತೆ, ನಮ್ಮ ಆಕಾಶಗಂಗೆಯ ಒಳಗೇ ಇರುವುದಂತೆ, ಆ ಮೋಡದ ಹೊಟ್ಟೆಯಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆಯಂತೆ. ಹುಟ್ಟಿದ ಎಳೆಯ ನಕ್ಷತ್ರಗಳ ಶಾಖಕ್ಕೆ ಮೋಡವೇ ಬೆಳಗುತ್ತದಂತೆ. ಅಲ್ಲಿಂದ ಹೊರಟ ಬೆಳಕು ನಮ್ಮ ಲ್ಯಾಬಿಗೆ ತಲುಪಲು ಸಾವಿರಕ್ಕೂ ಹೆಚ್ಚು ವರ್ಷ.

"ನಕ್ಷತ್ರಗಳ ಹೆರಿಗೆಕೋಣೆ ಅಂತ ಹೇಳಿ" ಎಂದರು ಲಿಸಿ ಮೇಡಂ. "ಅಲ್ಲಿಗೆ ಗಂಡಸರು ಇಣುಕಿ ಎಂತ ಮಾಡುದು ಸರ್? ವಾರಿಜಕ್ಕನೇ ಮೊದಲು ನೋಡ್ಲಿ."

"ಆಯ್ತು, ವಾರಿಜನೇ ಮೊದಲು" ಎಂದರು ಸರ್. ನಾನು ತಮಾಷೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ರಾಳ ಕಾಯಿಸಿ ಅಚ್ಚು ಮಾಡಿ ಗಾಜಿಗೆ ಹೊಳಪು ಕೊಟ್ಟರು. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬು, ಒಂದು ಬ್ಲೇಡು ಇಟ್ಟುಕೊಂಡು ಗುಳಿ ಸರಿ ಬಂದಿದೆಯಾ ಎಂದು ಪರೀಕ್ಷಿಸುತ್ತ ಗಂಟೆಗಟ್ಟಲೆ ಕೂತರು. ಹೊರಗೆ ಬಂದಾಗ ಕಣ್ಣು ಉಜ್ಜಿಕೊಳ್ಳುತ್ತಿದ್ದರು. "ಸರಿ ಉಂಟು ಅಂತ ಕಾಣ್ತದೆ. ಆದ್ರೆ ನನ್ನ ಕಣ್ಣನ್ನು ನಂಬುವ ಹಾಗಿಲ್ಲ ಈಗ. ನೆರಳು ಯಾವುದು, ನನ್ನ ಕಣ್ಣಿನ ಮಂಜು ಯಾವುದು ಅಂತ ಗೊತ್ತಾಗುದಿಲ್ಲ ಮಾರಾಯ್ರೆ" ಎಂದರು. ಡಾಕ್ಟರಿಗೆ ತೋರಿಸಿ ಸರ್ ಎಂದೆ. ಕನ್ನಡಿ ಮುಗಿಯಲಿ ಎಂದರು. ಕನ್ನಡಿಯನ್ನು ಬೆಳ್ಳಿಯಂಥ ಅಲ್ಯೂಮಿನಿಯಂ ಲೇಪ ಕೊಡಿಸಲು ದೂರದ ಊರಿಗೆ ಕಳಿಸಿದರು. ಅದು ತಿರುಗಿ ಬಂದದ್ದು ಡಿಸೆಂಬರಿನ ಕೊನೆಗೆ. ಪೆಟ್ಟಿಗೆ ಬಿಚ್ಚಿದಾಗ ಲಿಸಿ ಮೇಡಂ ಸೇರಿ ಮೂವರೂ ಅದರಲ್ಲಿ ಮುಖ ನೋಡಿಕೊಂಡೆವು. "ಇದರ ಮುಖಕ್ಕೆ ಬೆರಳೂ ತಾಗಬಾರದು, ಆಯ್ತಾ?" ಎಂದರು ಸರ್. ಆ ಮಾತನ್ನು ನಾನು ಕೇಳಿದ್ದೆ. ಕೇಳಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ.

ಜನವರಿಯ ಒಂದು ಸಂಜೆ ಪಿವಿಸಿ ಪೈಪಿನ ಕೊಳವೆಯೊಳಗೆ ಕನ್ನಡಿ ಕೂತಿತು. ತಾರಸಿಯ ಮೇಲೆ ನಾವಿಬ್ಬರೇ. ಎರಡು ದಿನ ಬಿಟ್ಟು ಮಕ್ಕಳಿಗೆ, ಊರಿನವರಿಗೆ ತೋರಿಸುವ ಕಾರ್ಯಕ್ರಮ ಇತ್ತು. ಅದಕ್ಕೆ ಮೊದಲು ನಾವು ನೋಡಿಬಿಡುವ ಎಂದಿದ್ದರು. ಏಳು ಗಂಟೆ ದಾಟಿತ್ತು. ಏಳೂವರೆಗೆ ನನ್ನ ಬಸ್ಸು. ಅದು ತಪ್ಪಿದರೆ ಜಾಲ್ಸೂರಿನಿಂದ ಮಂಡೆಕೋಲಿಗೆ ಕೊನೆಯ ಬಸ್ಸೂ ತಪ್ಪುತ್ತದೆ. ಗೇರು ಹೂ ಬಿಡುವ ಆ ಹೊತ್ತಿಗೆ ನಮ್ಮಲ್ಲಿ ಒಂದೊಂದು ಸಂಜೆ ಹಾಳು ಮೋಡ ಏಳುತ್ತದೆ. ಅಂದೂ ಘಟ್ಟದ ಕಡೆಯಿಂದ ಒಂದು ಮೋಡ ಹೊರಟಿತ್ತು. ಸರ್ ಪಕ್ಕದ ಸಣ್ಣ ನಳಿಕೆಯಲ್ಲಿ ಗುರಿ ಹಿಡಿದು, ದೊಡ್ಡ ಕೊಳವೆಯನ್ನು ಅಷ್ಟಷ್ಟೇ ತಳ್ಳಿ ನಿಲ್ಲಿಸಿದರು. ಎದ್ದು ನಿಂತು, "ಬನ್ನಿ. ಹೇಳಿದ ಮಾತು. ನೀವೇ ಮೊದಲು" ಎಂದರು.

"ನೀವು ನೋಡಿ ಸರ್, ಐದು ತಿಂಗಳು ಅರೆದದ್ದು ನೀವು."

"ನೀರು ಹಾಕಿದ್ದು ಯಾರು? ಬೇಗ ನೋಡಿ, ಮೋಡ ಬರ್ತಾ ಉಂಟು."

ಬಗ್ಗಿ ಕಣ್ಣಿಟ್ಟೆ. ನಾನು ಕಾದದ್ದು ಚಾರ್ಟಿನ ಕೆಂಪು. ಕಂಡದ್ದು ಬೂದು ಬಣ್ಣದ ಒಂದು ಮಸುಕು, ಅದರ ನಡುವೆ ಧೂಳು ಕೂತ ಹಾಗೆ ಚುಕ್ಕೆಗಳು. ಹತ್ತು ವರ್ಷದಿಂದ ಮಸೂರಗಳಲ್ಲಿ ನಾನು ಬೇರೆ ಏನು ಕಂಡಿದ್ದೇನೆ? ನೋಡಿದ ಕೂಡಲೇ ಗೊತ್ತಾಯಿತು ಎಂದುಕೊಂಡೆ. ಡಿಸೆಂಬರಿನಿಂದ ಪೆಟ್ಟಿಗೆ ಇದ್ದದ್ದು ನನ್ನ ಕಪಾಟಿನಲ್ಲಿ. ಮಳೆ ಹೋಯಿತೆಂದು ಬಲ್ಬು ಆರಿಸಿದ್ದವಳು ನಾನು. ತಪ್ಪು ಎಲ್ಲಿ ಎಂದು ಹುಡುಕುವವಳ ಹಾಗೆ ಆ ಮಸುಕನ್ನು ಮೂಲೆಮೂಲೆ ನೋಡಿದೆ.

"ಹೇಗುಂಟು?" ಎಂದರು ಸರ್. ಅವರ ದನಿ ಸಣ್ಣ ಮಕ್ಕಳ ದನಿಯಂತಿತ್ತು.

"ಚಂದ ಉಂಟು ಸರ್" ಎಂದೆ.

ನಾನು ಬದಿಗೆ ಸರಿದೆ, ಅವರು ಕನ್ನಡಕ ತೆಗೆದು ಬಗ್ಗಿದರು, ಮೋಡ ಮುಚ್ಚಿತು. ಐದು ನಿಮಿಷ ಕಾದರು. ಬಿಡಲಿಲ್ಲ. "ಇರ್ಲಿ, ನಾಳೆ ನೋಡುವ. ನಿಮಗೆ ಬಸ್ಸು ತಪ್ಪುದು ಬೇಡ" ಎಂದರು. ನಾನು ಮೆಟ್ಟಿಲು ಇಳಿದು ಓಡಿದೆ. ಬಸ್ಸಿನಲ್ಲಿ ಇಡೀ ದಾರಿ ಒಂದೇ ಯೋಚನೆ. ಸರ್ ನನ್ನನ್ನು ಖಾಯಂ ಮಾಡಬೇಕೆಂದು ಆಡಳಿತ ಮಂಡಳಿಗೆ ಅದೇ ವಾರ ಬರೆದುಕೊಟ್ಟಿದ್ದರು. ಅದರಲ್ಲಿ ನನ್ನ ಚೊಕ್ಕ ಕೆಲಸದ ಬಗ್ಗೆ ಒಂದು ವಾಕ್ಯ ಇತ್ತು. ನಾಳೆ ಸಂಜೆ ಅವರು ಕಣ್ಣಿಟ್ಟು ನೋಡಿದಾಗ ಆ ಬೂಸರು ಅಲ್ಲಿರಬಾರದು.

ಮರುದಿನ ಎಂಟಕ್ಕೇ ಕಾಲೇಜಿಗೆ ಬಂದೆ. ಕನ್ನಡಿ ಹೊರತೆಗೆದೆ. ಹಿಂದಿನ ಸಂಜೆಯ ಇಬ್ಬನಿ ಒಣಗಿ ಉಸಿರು ತಾಗಿದಂಥ ಒಂದು ಕಲೆ ಇತ್ತು. ನೋಡಿದೆಯಾ, ಇದೇ ಎಂದುಕೊಂಡೆ. ಮೊಂಡು ಬೂಸರಿಗೆ ನಾವು ಅಮೋನಿಯಾ ಬೆರೆಸಿದ ನೀರು ಹಾಕುವುದು. ಹತ್ತಿ ಅದ್ದಿ ಒರೆಸಿದೆ. ಹತ್ತಿಗೆ ಕಪ್ಪು ಹಿಡಿಯಿತು. ಇಷ್ಟು ಕೊಳೆ ಇತ್ತಾ ಎಂದು ಖುಷಿಯಾಗಿ ಇನ್ನೂ ಒತ್ತಿ ಒರೆಸಿದೆ. ಮೂರನೆಯ ಹತ್ತಿಯ ಹೊತ್ತಿಗೆ ಕನ್ನಡಿಯ ನಡುವಿನಲ್ಲಿ ನನ್ನ ಮುಖದ ಬದಲು ಅಡಿಯ ಮೇಜಿನ ಮರ ಕಾಣಿಸಿತು. ಮಸೂರ ಬರೇ ಗಾಜು. ಇದು ಗಾಜಿನ ಮುಖಕ್ಕೇ ಹಚ್ಚಿದ ಲೇಪ. ನಾನು ಕೊಳೆ ಎಂದು ತೆಗೆದದ್ದು ಅದನ್ನೇ. ಘಾಟಿಗೆ ಕಣ್ಣು ಉರಿಯುತ್ತಿತ್ತು, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಸರ್ ಬಂದಾಗ ಒಂಬತ್ತೂವರೆ. ಅಷ್ಟರೊಳಗೆ ನಾನು ಸುಳ್ಳನ್ನು ಹೊಂದಿಸಿಕೊಂಡಿದ್ದೆ.

"ಬೂಸರು ಹಿಡಿದಿದೆ ಸರ್. ಬೆಳಗ್ಗೆ ತೆಗೆಯುವಾಗಲೇ ಹೀಗಿತ್ತು."

ಅವರು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿಗೆ ತಾಗುವಷ್ಟು ಹತ್ತಿರ. ಬೈಯಲಿಲ್ಲ. ಬೈದಿದ್ದರೆ ಬಹುಶಃ ನಾನು ನಿಜ ಹೇಳಿಬಿಡುತ್ತಿದ್ದೆ. "ಲೇಪ ಮಾತ್ರ ಹೋದದ್ದಾದ್ರೆ ಇನ್ನೊಮ್ಮೆ ಕೊಡಿಸಬಹುದು" ಎಂದರು. "ಗಾಜಿಗೂ ಇಳಿದಿದೆಯಾ? ನನಗೆ ಸರಿ ಕಾಣುದಿಲ್ಲ. ನೀವು ನೋಡಿ ಹೇಳಿ, ಇದು ನಿಮಗೇ ಚೆನ್ನಾಗಿ ಗೊತ್ತಾಗುದು."

ಗಾಜಿನಲ್ಲಿ ಏನೂ ಇರಲಿಲ್ಲ. ಇಲ್ಲ ಎಂದರೆ ಲೇಪ ಹೇಗೆ ಹೋಯಿತು ಎಂಬ ಪ್ರಶ್ನೆ ಬರುತ್ತದೆ. ನಾನು ಕಿಟಕಿಯತ್ತ ತಿರುಗಿ ಬಹಳ ಹೊತ್ತು ನೋಡುವ ಹಾಗೆ ಮಾಡಿ, "ಇಳಿದಿದೆ ಸರ್. ಬೇರು ಬಿಟ್ಟಿದೆ" ಎಂದೆ.

ಕಾರ್ಯಕ್ರಮ ರದ್ದಾಯಿತು. ಅದರ ಮರುವಾರ ಅವರು ಮತ್ತೆ ಡ್ರಮ್ಮಿನ ಹತ್ತಿರ ಹೋದರು. ಬೂಸರು ತಿಂದ ಪದರವನ್ನು ಅರೆದು ತೆಗೆದು, ಮತ್ತೆ ಮೊದಲಿನಿಂದ ಗುಳಿ ಮಾಡಿ, ಮತ್ತೆ ಹೊಳಪು. ಗಾಜಿನ ಮೇಲೆ ಪುಡಿ ಎರಚಲು ಕೈ ಎತ್ತಿದರು. ಆ ಹೊತ್ತಿಗೆ ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಪುಡಿ ಬಿತ್ತು. ಐದು ತಿಂಗಳು ಅರೆದ ಗಾಜು ಗರಗರ ಎಂದು ಎರಡೇ ನಿಮಿಷದಲ್ಲಿ ಮಸುಕಾಯಿತು. ನಾನು ಸುತ್ತು ಎಣಿಸಿದೆ.

ನಾಲ್ಕೈದು ದಿನ ಕಳೆದಿರಬೇಕು. ಅರೆಯುತ್ತ ಅರೆಯುತ್ತ ಸರ್, "ಒಂದು ಹೇಳಲಿಕ್ಕೆ ಮರೆತದ್ದು" ಎಂದರು. "ಮಕ್ಕಳಿಗೆ ಮೊದಲೇ ಹೇಳ್ಬೇಕು, ಇಲ್ಲದಿದ್ರೆ ಬೇಜಾರು ಮಾಡ್ತಾರೆ. ಆ ಕೆಂಪೆಲ್ಲ ಕ್ಯಾಮರಾದ್ದು. ಕಣ್ಣಿಗೆ ನೀಹಾರಿಕೆ ಬೂದು ಬಣ್ಣದ ಮಸುಕಾಗಿಯೇ ಕಾಣುದಂತೆ. ನಿಮಗೂ ಹಾಗೇ ಕಂಡದ್ದಲ್ವಾ?"

"ಹೌದು ಸರ್" ಎಂದೆ. ನನ್ನ ಕೈಯ ಬಾಟಲಿಯಿಂದ ನೀರು ನನ್ನ ಕಾಲ ಮೇಲೆಯೇ ಸುರಿಯುತ್ತಿತ್ತು. ಬೂಸರೇ ಇರಲಿಲ್ಲ. ಒಂದು ಚೂರೂ ಇರಲಿಲ್ಲ. ನಾನು ಕಂಡದ್ದು ನೀಹಾರಿಕೆಯನ್ನೇ, ಅವರು ತೋರಿಸಬೇಕೆಂದದ್ದನ್ನೇ. ಅದನ್ನು ಒರೆಸಿ ತೆಗೆಯಲು ಹೋಗಿ ನಾನು ಅವರ ಕನ್ನಡಿಯನ್ನೇ ಹಾಳು ಮಾಡಿದೆ. ಹೇಳುವ ಹೊತ್ತು ಆಗಲೇ ಅರೆದು ಹೋಗಿತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಹೇಡಿಯ ಸಮಾಧಾನ.

ಫೆಬ್ರವರಿಯ ಒಂದು ಮಧ್ಯಾಹ್ನ ಕ್ಲಾಸಿನಲ್ಲೇ ಸರ್ ಅವರ ಬಲಗಣ್ಣಿನೊಳಗೆ ರಕ್ತ ಸೋರಿತು. ಬೋರ್ಡಿನ ಮೇಲೆ ಯಾರೋ ಶಾಯಿ ಚೆಲ್ಲಿದರು ಎಂದು ಅವರು ಮೊದಲು ಬೈದರಂತೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪುತ್ತೂರು, ಮಂಗಳೂರು ಎಂದು ಓಡಾಡಿದರು. ಎಡಗಣ್ಣೂ ನಿಲ್ಲುವ ಹಾಗೆ ಕಾಣಲಿಲ್ಲ. ಮಾರ್ಚಿನಲ್ಲಿ ಶಾಲು, ಹಣ್ಣು, ಭಾಷಣ ಎಲ್ಲ ಆಯಿತು. ಅರ್ಧ ಅರೆದ ಗಾಜನ್ನು ಅಕ್ಕಿಚೀಲದಲ್ಲಿ ಸುತ್ತಿ ಲಿಸಿ ಮೇಡಂ ಅವರ ಕಾರಿನಲ್ಲಿ ಇಟ್ಟದ್ದು ನಾನೇ. "ಇನ್ನೊಂದು ಮಳೆಗಾಲ ಉಂಟಲ್ಲ, ಮನೆಯಲ್ಲಿ ಮುಗಿಸುವ" ಎಂದರು. ಅದು ಆಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಜೂನಿನಲ್ಲಿ ನನಗೆ ಎಂದಿನಂತೆ ಒಂದು ವರ್ಷದ ಪತ್ರ ಬಂತು. ಖಾಯಂ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಯಾವುದಕ್ಕಾಗಿ ಸುಳ್ಳು ಹೇಳಿದೆನೋ ಅದು ಸಿಕ್ಕಿದ್ದರೆ ಇಷ್ಟು ಬಾಧಿಸುತ್ತಿತ್ತೋ ಇಲ್ಲವೋ, ಗೊತ್ತಿಲ್ಲ.

ಮೊನ್ನೆ ಆ ಬಾಟಲಿಯನ್ನು ಪಟ್ಟಿಯಲ್ಲಿ 'ಖಾಲಿ' ಎಂದು ಬರೆಸಿ ಕಪಾಟಿನಲ್ಲೇ ಇಟ್ಟವಳು ಊಟಕ್ಕೂ ನಿಲ್ಲಲಿಲ್ಲ. ಮನೆಯ ಕಡೆಯ ಬಸ್ಸು ಎದುರಿಗೇ ಬಂದು ನಿಂತರೂ ಹತ್ತಲಿಲ್ಲ. ಪುತ್ತೂರಿಗೆ ಹೋಗಿ, ಉಪ್ಪಿನಂಗಡಿಯಲ್ಲಿ ಬದಲಿಸಿ, ರಾಮಕುಂಜದಲ್ಲಿ ಇಳಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅತ್ತೆ ಹೋಗಿ ಐದು ವರ್ಷ, ಕೆಲಸ ಹೋಗಿ ಒಂದು ವರ್ಷ, ಇಷ್ಟು ವಿರಾಮ ಸಿಕ್ಕಿದರೂ ಆಯಾಸ ಮೈಬಿಟ್ಟು ಹೋಗಿರಲಿಲ್ಲ. ಇದನ್ನು ಹೊತ್ತುಕೊಂಡೇ ಹೀಗಾಗಿದೆ ಎಂದು ದಾರಿಯಲ್ಲಿ ಅನ್ನಿಸಿತು.

ಸರ್ ಅವರ ಹೆಂಡತಿ ಶಾರದಕ್ಕ ಬಾಗಿಲು ತೆಗೆದರು. ಒಳಗೆ ಮೊಮ್ಮಕ್ಕಳ ಗಲಾಟೆ. ಸರ್ ಜಗಲಿಯಲ್ಲಿ ರೇಡಿಯೋ ಕೇಳುತ್ತಿದ್ದರು. ನಾನು ಚಪ್ಪಲಿ ಬಿಡುವ ಸದ್ದಿಗೇ, "ಯಾರು?" ಎಂದರು. ಹೆಸರು ಹೇಳಿದೆ. ಮುಖ ಅರಳಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಬೂಸರು ಹೇಗುಂಟು ಕಾಲೇಜಿನಲ್ಲಿ?" ಎಂದು ನಕ್ಕರು. ಆ ತಮಾಷೆ ಕೇಳಿದ ಮೇಲೆ ನನಗೆ ತಡೆದುಕೊಳ್ಳಲು ಆಗಲಿಲ್ಲ. ಶಾರದಕ್ಕ ಚಹಾ ಮಾಡಲು ಒಳಗೆ ಹೋದ ಕೂಡಲೇ, ನಿಂತುಕೊಂಡೇ, ಅಮೋನಿಯಾದಿಂದ ಹಿಡಿದು ಬೇರು ಬಿಟ್ಟಿದೆ ಎಂದ ಮಾತಿನವರೆಗೆ ಎಲ್ಲ ಹೇಳಿದೆ. ಅರ್ಧ ಅಳುತ್ತ ಹೇಳಿದ್ದರಿಂದ ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು.

ಸರ್ ರೇಡಿಯೋ ನಿಲ್ಲಿಸಿದರು.

"ಹಾಗಾದ್ರೆ ಬೂಸರು ಇರ್ಲಿಲ್ಲ."

"ಇರ್ಲಿಲ್ಲ ಸರ್."

"ಹೊಳಪು ಸರಿ ಕೊಡದ ಗಾಜಿನಲ್ಲಿ ಕಣ್ಣಿಗೆ ಕಾಣದ ಗುಂಡಿ ಉಳಿತದೆ, ಅಲ್ಲಿ ನೀರು ನಿಂತು ಬೂಸರು ಹಿಡಿಯುದು. ನಾನು ಹಾಗೇ ಲೆಕ್ಕ ಹಾಕಿದ್ದೆ. ನನ್ನ ಕೈಯೇ ಸರಿ ಇರ್ಲಿಲ್ಲ, ಮೂವತ್ತು ವರ್ಷ ಕಲಿಸಿದವನಿಗೆ ಒಂದು ಗಾಜು ಉಜ್ಜಲಿಕ್ಕೆ ಬರ್ಲಿಲ್ಲ ಅಂತ. ಎಂಟು ವರ್ಷ ವಾರಿಜ, ಅದೇ ಯೋಚನೆ."

ನಾನು ಕಣ್ಣು ಹೋದದ್ದನ್ನು ಮಾತ್ರ ಅವರ ದುಃಖ ಎಂದುಕೊಂಡಿದ್ದೆ. ನಾನು ಕೊಟ್ಟದ್ದು ಬೇರೆಯೇ ಇತ್ತು. ಕಾಲಿಗೆ ಬೀಳಲು ಬಗ್ಗಿದೆ. ಸದ್ದಿನಿಂದಲೇ ಅವರಿಗೆ ಗೊತ್ತಾಯಿತು, "ಅದೆಲ್ಲ ಬೇಡ" ಎಂದು ಕೈ ಅಡ್ಡ ಹಿಡಿದರು. ದನಿಯಲ್ಲಿ ಸಿಟ್ಟಿತ್ತು. ಅದು ಇರಬೇಕಾದದ್ದೇ. ಆಮೇಲೆ ಎದುರಿನ ಕುರ್ಚಿಯನ್ನು ತಡಕಿ ತನ್ನ ಕಡೆಗೆ ಎಳೆದು, "ಇಲ್ಲಿ ಕೂತು ಹೇಳಿ. ಆ ದಿನ ಎಂತ ಕಂಡದ್ದು? ಚಂದ ಉಂಟು ಅಂತ ಅಲ್ಲ. ಕಂಡದ್ದನ್ನು ಹೇಳಿ" ಎಂದರು.

ಬೂಸರನ್ನು ಎಲ್ಲಿಂದ ಎಲ್ಲಿಗೆ ಒರೆಸಬೇಕು ಎಂದು ನೋಡಿದ್ದವಳು ನಾನು. ಒಂದೊಂದು ಅಂಚೂ ಗುರುತಿತ್ತು. ಬೂದು ಬಣ್ಣ, ಸ್ವಲ್ಪ ಹಸಿರು ಬೆರೆತ ಹಾಗೆ. ಎರಡು ಬದಿಗೂ ರೆಕ್ಕೆಯಂತೆ ಚಾಚಿತ್ತು, ಒಂದು ರೆಕ್ಕೆ ಉದ್ದ. ಮೇಲಿನಿಂದ ಒಂದು ಕಪ್ಪು ಬಾಯಿ ಒಳಗೆ ತೂರಿತ್ತು. ಆ ಬಾಯಿಯ ಹತ್ತಿರ ಮಸುಕು ದಪ್ಪ, ಹೊರಗೆ ಹೋಗುತ್ತ ತೆಳು, ಕೊನೆಗೆ ಎಲ್ಲಿ ಮುಗಿಯಿತೆಂದು ಗೊತ್ತಾಗುವುದಿಲ್ಲ. ನಡುವೆ ಚುಕ್ಕೆಗಳು.

ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಎಷ್ಟು?"

"ನಾಲ್ಕು ಸರ್. ಧೂಳು ಅಂತ ಎಣಿಸಿದ್ದೆ, ಊದಿ ತೆಗೆಯಲಿಕ್ಕೆ."

"ಸರಿ ನೆನಪು ಮಾಡಿ. ಒಂದಕ್ಕೊಂದು ಅಂಟಿಕೊಂಡಿತ್ತಾ? ಬಾಲ ಬಂದ ಹಾಗೆ ಇತ್ತಾ?"

"ಇಲ್ಲ ಸರ್. ಬೇರೆ ಬೇರೆ. ಸೂಜಿಯಲ್ಲಿ ಚುಚ್ಚಿದ ಹಾಗೆ. ನಡುವೆ ಜಾಗ ಇತ್ತು."

ಅವರು ಹಿಂದಕ್ಕೆ ಒರಗಿದರು. ಆ ನಾಲ್ಕು ಧೂಳಲ್ಲ, ಆ ಮೋಡದಲ್ಲಿ ಹುಟ್ಟಿದ ಮಕ್ಕಳು, ಇಡೀ ಮೋಡವನ್ನು ಬೆಳಗಿಸುವುದೇ ಅವು ಎಂದರು. ಕನ್ನಡಿಯ ಗುಳಿ ಕೂದಲಿನ ನೂರನೇ ಪಾಲು ತಪ್ಪಿದ್ದರೂ ನಾಲ್ಕೂ ಕಲಸಿ ಒಂದಾಗಿ ಕಾಣುತ್ತಿತ್ತು ಎಂದರು. ಒಳಗಿನಿಂದ ಶಾರದಕ್ಕ ಚಹಾ ತಂದರು.

"ಶಾರದಾ, ಕೇಳು. ನನ್ನ ಕನ್ನಡಿ ಸರಿ ಇತ್ತು" ಎಂದರು ಸರ್. "ಇವರು ನೋಡಿದ್ದಾರೆ."

ಶಾರದಕ್ಕ ಅವರ ಮುಖವನ್ನೂ ನನ್ನ ಮುಖವನ್ನೂ ನೋಡಿ, ಲೋಟಗಳನ್ನು ಕೆಳಗಿಟ್ಟು ಅಲ್ಲೇ ಕೂತರು. ಸರ್ ನನ್ನನ್ನು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚಹಾ ಆರುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡು, "ಇನ್ನೊಮ್ಮೆ ಹೇಳಿ. ನಿಧಾನಕ್ಕೆ, ಮೊದಲಿಂದ" ಎಂದರು.

ನಾನು ಮೊದಲಿನಿಂದ ಹೇಳಿದೆ.